ಪದವಿಗೆ ಐದನೆಯ ರುಜುವಾತು

ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತದಾರರ ಪಟ್ಟಿಯಿಂದ ನನ್ನ ಹೆಸರು ಮತ್ತೆ ಹೋಗಿದೆ. ಪ್ರತಿ ಚುನಾವಣೆಗೂ ಹಳೆಯ ಪಟ್ಟಿಯನ್ನು ಎಸೆದು ಹೊಸದನ್ನು ಬರೆಯುವುದು ಅವರ ಪದ್ಧತಿ. ನಾನು ಓದಿದವನೆಂದು ಐದನೆಯ ಬಾರಿ ರುಜುವಾತು ಮಾಡಲು, ಎಪ್ಪತ್ತಾರರ ವಯಸ್ಸಿನಲ್ಲಿ ಚಾಮರಾಜನಗರದಿಂದ ಬಸ್ಸಿನಲ್ಲಿ ನಿಂತೇ ಮೈಸೂರಿಗೆ ಬಂದು, ನಜರ್‌ಬಾದಿನ ಮತದಾರರ ನೋಂದಣಿ ಕಚೇರಿಯಲ್ಲಿ ಕುಳಿತೆ. ಅರ್ಜಿಗೆ ಇಂದೇ ಕಡೆಯ ದಿನ.

ಗುಮಾಸ್ತೆ ನನ್ನ ಪ್ರಮಾಣಪತ್ರದ ನಕಲನ್ನು ತಿರುಗಿಸಿ ನೋಡಿದರು. "ಯಜಮಾನ್ರೇ, ಇದಕ್ಕೆ ದೃಢೀಕರಣದ ಸಹಿ ಇಲ್ವಲ್ಲ."

"ಮೂಲಪ್ರತಿಯೇ ತಂದಿದ್ದೀನಲ್ಲಮ್ಮ. ಕಳೆದ ಸಲ ಇದ್ದ ಪದವಿ ಈ ಸಲ ಎಲ್ಲಿಗೆ ಹೋಗಿರುತ್ತೆ?"

"ನಂಗೂ ಗೊತ್ತು ಸಾರ್. ಆದ್ರೆ ಸಾಹೇಬ್ರು ನೋಡಿ ಸಹಿ ಹಾಕ್ಬೇಕು, ಅವ್ರು ಮೀಟಿಂಗಿಗೆ ಹೊರಟ್ಬುಟ್ರು ಕಣ್ರೀ."

"ಚುನಾವಣೆಗೆ ನಿಲ್ಲೋರೂ ಹೀಗೇ ಪ್ರಮಾಣಪತ್ರ ತರಬೇಕೇನು?"

ಆಕೆಗೆ ನಗು ಬಂತು. "ಇಲ್ಲ ಸಾರ್. ಅವ್ರು ಪದವೀಧರರೇ ಆಗಿರ್ಬೇಕು ಅಂತ ಕಾನೂನಲ್ಲಿಲ್ಲ. ಓದಿರ್ಬೇಕಾದೋರು ವೋಟ್ ಹಾಕೋ ನೀವು."

ಇಷ್ಟು ವರ್ಷ ಮತ ಹಾಕಿದ ನನಗೆ ಇದು ತಿಳಿದಿರಲಿಲ್ಲ. ಜನರು ಸೋಲಿಸಿದವರು ನಾಮನಿರ್ದೇಶನದಿಂದ ಮೇಲ್ಮನೆ ಸೇರುವುದನ್ನು ಕಂಡಿದ್ದೆ. ಆದರೂ ಓದಿದವರ ದನಿಗೆ ಮೀಸಲಾದ ಕೆಲವು ಸ್ಥಾನಗಳಿಗಾಗಿ ಆ ಮನೆ ಇರಬೇಕೆಂದು ಗೆಳೆಯರೊಡನೆ ವಾದಿಸುತ್ತ ಬಂದವನು ನಾನು.

ಐದೂವರೆಗೆ ಆಕೆ ಬೀರುವಿಗೆ ಬೀಗ ಹಾಕಿದರು. ಸಾಹೇಬರು ಬರಲಿಲ್ಲ, ಅರ್ಜಿ ನನ್ನ ಕೈಯಲ್ಲೇ ಉಳಿಯಿತು.

ಪರಿಷತ್ತಿನ ಮಾನ್ಯ ಸದಸ್ಯರೇ, ನಿಮ್ಮನ್ನು ಯಾರೂ ಒಮ್ಮೆಯೂ ಕೇಳದ ಅರ್ಹತೆಯನ್ನು ನಾವು ಆರು ವರ್ಷಕ್ಕೊಮ್ಮೆ ಸಾಬೀತುಪಡಿಸಬೇಕು. ನಮ್ಮನ್ನೇ ಹೊರಗೆ ನಿಲ್ಲಿಸಿದ ಮೇಲೆ, ಅಲ್ಲಿ ನೀವು ಯಾರ ಪರವಾಗಿ ಕುಳಿತಿದ್ದೀರಿ?