ಸಾವೊ ಪಾವ್ಲೊದ ಅಂಚೆ ಮೆಟ್ಟಿಲು

ಕಳೆದ ವಾರ ಕೊರಿಯರಿನಲ್ಲಿ ಎರಡು ಹಾಳೆಗಳ ಒಂದು ಜೆರಾಕ್ಸ್ ಬಂತು. ತೊಂಬತ್ತರ ದಶಕದಲ್ಲಿ ಸೌದಿಯ ಅಬ್ಕೈಕಿನಲ್ಲಿದ್ದ ನಾವು ಕೆಲವು ಕನ್ನಡಿಗರು ಕೈಯಲ್ಲಿ ಬರೆದು, ಆಫೀಸಿನ ಯಂತ್ರದಲ್ಲಿ ಕದ್ದು ಪ್ರತಿ ತೆಗೆದು ಹಂಚುತ್ತಿದ್ದ ಪತ್ರಿಕೆಯ ಪುಟಗಳು. ಅವನ್ನೆಲ್ಲ ಸೇರಿಸಿ ಈಗ ಪುಸ್ತಕ ಮಾಡುತ್ತಾರಂತೆ. ‘ನಿಮ್ಮ ಬ್ರೆಜಿಲ್ ಲೇಖನ ಬಹಳ ಲವಲವಿಕೆಯದ್ದು, ಒಂದು ಫೋಟೊ ಕಳಿಸಿ’ ಎಂದು ಚೀಟಿ ಅಂಟಿಸಿದ್ದರು. ಹೊಗಳಿದರೆ ನಾನು ಬೇಗ ಕರಗುವವನು. ಫೋಟೊ ಹುಡುಕುತ್ತಲೇ ಮೊದಲ ಸಾಲು ಓದಿದೆ. ಓದಿ, ಹುಡುಕುವುದನ್ನು ನಿಲ್ಲಿಸಿದೆ.

ಆ ಸಾಲು ಯಾವುದೆಂದು ಹೇಳುತ್ತೇನೆ, ಸ್ವಲ್ಪ ತಾಳಿ. ನಾನು ಅಷ್ಟು ದೂರ ಹೋದದ್ದು ಹೇಗೆಂದು ಮೊದಲು ಹೇಳಬೇಕು. ನನ್ನ ಸಿಟ್ಟು ಶುರುವಾಗುವುದೇ ಅಲ್ಲಿಂದ.

ಮಂಗಳೂರಿನ ಹತ್ತಿರದ ಕೊಣಾಜೆಯಲ್ಲಿ ಎಂ.ಎಸ್ಸಿ. ಮಾಡಿ, ಪರೀಕ್ಷಿಸದೆ ಏನನ್ನೂ ನಂಬಬಾರದೆಂದು ಕಲಿತು, ಆ ವಿದ್ಯೆಯನ್ನು ತೈಲ ಕೊಳವೆಗಳ ವಾಲ್ವುಗಳ ಮೇಲೆ ಪ್ರಯೋಗಿಸಲು ಗಲ್ಫಿಗೆ ಹೋದವನು ನಾನು. ಒಂದು ಗುತ್ತಿಗೆ ಕಂಪನಿಯಲ್ಲಿ ಇನ್‌ಸ್ಪೆಕ್ಟರ್. ಕ್ಯಾಂಪಿನ ಕೋಣೆಯಲ್ಲಿ ಮೂವರಿದ್ದೆವು: ನಾನು, ಬಂಟ್ವಾಳದ ಬ್ಯಾರಿ ಹಮೀದ್, ಕಿನ್ನಿಗೋಳಿಯ ಫೆಲಿಕ್ಸ್. ಫೆಲಿಕ್ಸ್ ವೆಲ್ಡರ್, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕ್ರೈಸ್ತ ಹಿರಿಯರನ್ನು ಕರೆಯುವ ನಮ್ಮೂರಿನ ಪದ್ಧತಿಯಂತೆ ನಾನು ಅವರನ್ನು ‘ಪೊರ್ಬುಗಳೇ’ ಎನ್ನುತ್ತಿದ್ದೆ. ಅವರು ನನ್ನನ್ನು ‘ಪ್ರೊಫೆಸರ್ರೇ’ ಎನ್ನುತ್ತಿದ್ದರು. ಅದು ಗೌರವವೋ ಲೇವಡಿಯೋ ಎಂದು ಪರೀಕ್ಷಿಸಲು ನಾನು ಹೋಗಲಿಲ್ಲ.

ಫೆಲಿಕ್ಸರ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಅವರು ಮೂರು ತಿಂಗಳ ಮೊದಲೇ ರಜೆಗೆ ಅರ್ಜಿ ಹಾಕಿದ್ದರು. ಅಷ್ಟರಲ್ಲಿ ಸ್ಥಾವರ ನಿಲ್ಲಿಸಿ ದುರಸ್ತಿ ಮಾಡುವ ಶಟ್‌ಡೌನ್ ಬಂತು. ಯಾರಿಗೂ ರಜೆ ಇಲ್ಲ ಎಂದರು. ನಮ್ಮ ಪಾಸ್‌ಪೋರ್ಟುಗಳೆಲ್ಲ ಕಂಪನಿಯ ಕಪಾಟಿನಲ್ಲಿ. ಪರ್ಸೊನೆಲ್ ಮ್ಯಾನೇಜರನ ಸಹಿ ಇಲ್ಲದೆ ದೇಶ ಬಿಡುವ ಹಾಗಿಲ್ಲ. ಆತ ಅರಬನಲ್ಲ, ನಮ್ಮ ದೇಶದವನೇ. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ.

ಅದೇ ಸಮಯಕ್ಕೆ, ಸಾವೊ ಪಾವ್ಲೊದ ಕಾರ್ಖಾನೆಯೊಂದರಲ್ಲಿ ತಯಾರಾದ ವಾಲ್ವುಗಳನ್ನು ನೋಡಿ ಬರಲು ನನ್ನನ್ನು ಆರಿಸಿದರು. ನನ್ನ ಕಾಗದಗಳಿಗೆ ಎರಡೇ ದಿನದಲ್ಲಿ ಸಹಿಯಾಯಿತು. ಮಗಳ ಅಪ್ಪನಿಗೆ ಎರಡು ತಿಂಗಳಿಂದ ಬಾರದ ಸಹಿ ಉಕ್ಕಿನ ತುಂಡುಗಳಿಗೆ ಎರಡು ದಿನದಲ್ಲಿ ಬಂತು. ನಾನು ಪಾಸ್‌ಪೋರ್ಟ್ ತರಲು ಹೋದಾಗ ಫೆಲಿಕ್ಸರ ಅರ್ಜಿ ಮೇಜಿನ ಮೇಲೆ ಚಹಾದ ಲೋಟದ ಕೆಳಗಿತ್ತು. ಮ್ಯಾನೇಜರ್ ತಲೆಯೆತ್ತಿ ‘ಔರ್ ಕುಛ್?’ ಎಂದ. ‘ಈ ಅರ್ಜಿಗೂ ಸಹಿ ಹಾಕಿ ಸಾರ್, ಮಗಳ ಮದುವೆ’ ಎಂದೆ ನಾನು. ಆತ ನಕ್ಕ. ನನಗೆ ನೆನಪಿರುವುದು ಹೀಗೆ. ಈ ಪ್ರಸಂಗವನ್ನು ಎಷ್ಟೋ ಮಂದಿಗೆ ಹೇಳಿ ಮೆಚ್ಚುಗೆ ಪಡೆದಿದ್ದೇನೆ.

ಗಲ್ಫಿನಲ್ಲಿ ಯಾರಾದರೂ ಹೊರಗೆ ಹೋಗುತ್ತಾರೆಂದರೆ ಅವರೇ ನಮ್ಮ ಅಂಚೆಯಣ್ಣ. ಕಾಗದ, ಕ್ಯಾಸೆಟ್, ಮುಲಾಮು, ಎಲ್ಲವನ್ನೂ ಅವರ ಪೆಟ್ಟಿಗೆಗೆ ತುರುಕುವುದು ವಾಡಿಕೆ. ರಜೆಗಳೆಲ್ಲ ನಿಂತದ್ದರಿಂದ ಆ ತಿಂಗಳು ಹೊರಗೆ ಹೋಗುತ್ತಿದ್ದವನು ನಾನೊಬ್ಬನೇ. ಫೆಲಿಕ್ಸ್ ಒಂದು ಕ್ಯಾಸೆಟ್ ತಂದು ಹಮೀದನ ಟೇಪ್ ರೆಕಾರ್ಡರ್ ಕೇಳಿದರು. ಮದುವೆಯ ಮುನ್ನಾದಿನ ರೋಸ್. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹಿರಿಯರು ಹರಸುವ ಶಾಸ್ತ್ರ.

“ನನ್ನ ಸರದಿ ಬಂದಾಗ ಇದನ್ನು ಹಾಕ್ಲಿ,” ಎಂದರು. “ಕೈ ನನ್ನ ತಮ್ಮನದ್ದು, ಸ್ವರ ನನ್ನದು.”

“ಇಲ್ಲಿಂದಲೇ ಪೋಸ್ಟ್ ಮಾಡಬಹುದಲ್ವಾ?” ಎಂದೆ.

“ಇದರಲ್ಲಿ ಪ್ರಾರ್ಥನೆ ಉಂಟು ಮಾರಾಯ್ರೆ. ಇಲ್ಲಿ ಬಿಚ್ಚಿ ಕೇಳಿದ್ರೆ ಎಂತ ಗತಿ? ಬ್ರೆಜಿಲ್ ಕ್ರಿಸ್ತಾಂವರ ದೇಶ. ಅಲ್ಲಿ ಯಾರೂ ಮುಟ್ಟುವುದಿಲ್ಲ.”

ಅಬ್ಕೈಕಿನಿಂದ ಮಂಗಳೂರು ಕೈಗೆಟಕುವಷ್ಟು ಹತ್ತಿರ, ಬ್ರೆಜಿಲ್ ಭೂಮಿಯ ಆಚೆ ಬದಿ. ಭೂಪಟ ಓದಬಲ್ಲ ನಾನೂ ತಲೆಯಾಡಿಸಿದೆ. ಹೊರಗೆ ಹೋಗುವ ವಿಮಾನ ಯಾವುದಾದರೂ ಊರಿನ ಕಡೆಗೇ ಹೋಗುತ್ತದೆಂದು ಆ ಕ್ಯಾಂಪಿನಲ್ಲಿ ನಮಗೆಲ್ಲ ಅನ್ನಿಸುತ್ತಿತ್ತು. ರೋಸಿಗೆ ಇನ್ನೂ ಹದಿನೆಂಟು ದಿನವಿತ್ತು.

ರೆಕಾರ್ಡ್ ಮಾಡುವಾಗ ಫೆಲಿಕ್ಸ್ ಎಸಿ ನಿಲ್ಲಿಸಿದರು. ಮೂವರೂ ಬೆವರಿನಲ್ಲಿ ಮಿಂದೆವು.

“ನಾನು ಸತ್ರೆ ನಿಮ್ಮ ಮಗಳ ಮದುವೆಗೇ ಸೂತಕ ಪೊರ್ಬುಗಳೇ,” ಎಂದ ಹಮೀದ್.

“ಸುಮ್ಮನಿರು ಬ್ಯಾರಿ. ಮಗಳಿಗೆ ಅಪ್ಪನ ಸ್ವರ ಬೇಕು, ಎಸಿಯದ್ದಲ್ಲ.”

ಆಮೇಲೆ ಅವರು ಕೊಂಕಣಿಯಲ್ಲಿ ಮಾತಾಡಿದರು, ತುಂಬ ನಿಧಾನವಾಗಿ. ಹಮೀದ್ ಗೋಡೆಯ ಕಡೆ ತಿರುಗಿ ಕುಳಿತ.

ಇನ್ನು ಆ ನಗರದ ವಿಷಯ. ಕಾಫಿಯನ್ನು ನಿಂತೇ ಕುಡಿಯುತ್ತಾರೆ, ಎರಡು ಗುಟುಕು, ಮುಗಿಯಿತು. ಕಾಲುದಾರಿಯಲ್ಲಿ ಕಪ್ಪು ಬಿಳಿ ಕಲ್ಲುಗಳ ಚಿತ್ತಾರವಿತ್ತು. ಅದನ್ನು ಕಂಡದ್ದೋ ಪೋಸ್ಟ್ ಕಾರ್ಡಿನಲ್ಲಿ ನೋಡಿದ್ದೋ ಈಗ ಆಣೆಯಿಟ್ಟು ಹೇಳಲಾರೆ. ಕಿಟಕಿಗೆ ಅವರು ಪೋರ್ಚುಗೀಸಿನಲ್ಲಿ ಜನೆಲಾ ಎನ್ನುವುದನ್ನು ಕೇಳಿ, ಫೆಲಿಕ್ಸರ ಕೊಂಕಣಿಯ ಜನೆಲ್ ಇಲ್ಲಿಂದಲೇ ಹಡಗು ಹತ್ತಿದ್ದೆಂದು ಖುಷಿಪಟ್ಟೆ. ಪೋರ್ಚುಗೀಸರ ತವರು ಅದಲ್ಲವೆಂದು ಆಮೇಲೆ ಹೊಳೆಯಿತು. ಬಸ್ ಸ್ಟಾಪಿನಲ್ಲಿ ಒಂದು ಜೋಡಿ ಕೈಕೈ ಹಿಡಿದುಕೊಂಡೇ ಜಗಳವಾಡುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮೂರು ವರ್ಷದಲ್ಲಿ ಮೊದಲ ಸಲ ನನ್ನ ಪಾಸ್‌ಪೋರ್ಟ್ ನನ್ನ ಜೇಬಿನಲ್ಲಿತ್ತು. ಹತ್ತು ಹೆಜ್ಜೆಗೊಮ್ಮೆ ಅದನ್ನು ಮುಟ್ಟಿ ನೋಡುತ್ತ ಗೊತ್ತುಗುರಿಯಿಲ್ಲದೆ ಅಲೆದೆ. ಇವನ್ನೆಲ್ಲ ಲೇಖನದಲ್ಲಿ ಚಂದವಾಗಿ ಬರೆದಿದ್ದೇನೆ. ಕ್ಯಾಸೆಟ್ಟಿನ ಬಗ್ಗೆ ಒಂದಕ್ಷರವೂ ಇಲ್ಲ.

ಕ್ಯಾಸೆಟ್ ಅಂಚೆಗೆ ಹಾಕಿದ್ದು ಶುಕ್ರವಾರ, ವಾಪಸು ಹೊರಡುವಾಗ. ಬಟ್ಟೆ ತುಂಬುತ್ತಿದ್ದಾಗ ಕೈಗೆ ಸಿಕ್ಕಿತು. ನಾನು ಇಳಿದ ದಿನ ಅಲ್ಲಿ ಏನೋ ರಜೆ, ಅಂಚೆ ಕಚೇರಿ ಮುಚ್ಚಿತ್ತು, ಆಮೇಲೆ ಕಾರ್ಖಾನೆಯ ಕೆಲಸ. ಇಷ್ಟು ವರ್ಷ ನಾನು ನಂಬಿದ್ದು ಇದನ್ನು. ಮುಚ್ಚಿದ ಬಾಗಿಲು, ಅದರ ಹಿತ್ತಾಳೆಯ ಬೀಗ ಕೂಡ ಕಣ್ಣಿಗೆ ಕಟ್ಟಿದಂತಿದೆ.

ಅಬ್ಕೈಕಿಗೆ ಮರಳಿದಾಗ ಫೆಲಿಕ್ಸ್ ಕೇಳಿದ್ದು ಒಂದೇ ಪ್ರಶ್ನೆ. “ಹೋದ ದಿನವೇ ಹಾಕಿದ್ರಲ್ಲ?”

“ಹೌದು,” ಎಂದೆ.

ಕ್ಯಾಸೆಟ್ ಮನೆ ತಲುಪಿದ್ದು ರೋಸ್ ಆಗಿ ಮೂರನೆಯ ದಿನ. ಮಗಳು ಆಗಲೇ ಗಂಡನ ಮನೆಗೆ ಹೋಗಿದ್ದಳು. ಅವರ ಹೆಂಡತಿ ಒಬ್ಬರೇ ಕುಳಿತು ಕೇಳಿದರಂತೆ. ಆಮೇಲೆ ಪ್ರತಿ ಶುಕ್ರವಾರ ಮೀನು ಕೊಯ್ಯುತ್ತ ಫೆಲಿಕ್ಸ್ ಬ್ರೆಜಿಲಿಗೆ ಬೈಯುತ್ತಿದ್ದರು. “ಕ್ರಿಸ್ತಾಂವರಂತೆ ಕ್ರಿಸ್ತಾಂವರು. ಮೈಗಳ್ಳರು. ಹೊಟ್ಟೆಗೆ ಎಂತ ತಿಂತಾರೋ.” ನಾನೂ ದನಿಗೂಡಿಸುತ್ತಿದ್ದೆ. ಅಲ್ಲಿಯ ಕಚೇರಿಗಳು ನಿಧಾನ ಎಂದು ನಾನೇ ಸಾಕ್ಷಿ ಹೇಳಿದ್ದೆ.

ಈಗ ಆ ಮೊದಲ ಸಾಲು ಓದಿ. ‘ಸೋಮವಾರ ಬೆಳಿಗ್ಗೆ ಹೋಟೆಲಿನಲ್ಲಿ ಪೆಟ್ಟಿಗೆ ಎಸೆದವನೇ, ಎದುರಿನ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತು, ಕಟ್ಟುಗಳನ್ನು ಹಿಡಿದು ಒಳಹೋಗುವ, ಬರಿಗೈಯಲ್ಲಿ ಹೊರಬರುವ ಜನರನ್ನು ನೋಡುತ್ತ ಒಂದು ಗಂಟೆ ಆರಾಮವಾಗಿ ಕಳೆದೆ.’

ನನ್ನದೇ ಕೈಬರಹ. ಬೀಗವಿಲ್ಲ, ರಜೆಯಿಲ್ಲ. ಹಿತ್ತಾಳೆಯ ಬೀಗವನ್ನು ನಾನೇ ಮಾಡಿ ಹಾಕಿಕೊಂಡಿದ್ದೆ. ಹಾಗಾದರೆ ಮ್ಯಾನೇಜರನ ಮುಂದೆ ಬಾಯಿಬಿಟ್ಟದ್ದು? ‘ಔರ್ ಕುಛ್?’ ಎಂದಾಗ ‘ನೋ ಸಾರ್’ ಎಂದು ಪಾಸ್‌ಪೋರ್ಟ್ ಹಿಡಿದು ಓಡಿರಬೇಕು. ಹಾಗೆ ಯೋಚಿಸಿದರೆ ಆ ಕೋಣೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಇಷ್ಟು ವರ್ಷ ಆ ಮ್ಯಾನೇಜರನ ಮೇಲೆ ನಾನು ಕಾರಿದ ಸಿಟ್ಟು ನ್ಯಾಯವಾದದ್ದೇ, ಈಗಲೂ ಹಿಂದೆಗೆಯುವುದಿಲ್ಲ. ಆದರೆ ಅದರ ನೆರಳಿನಲ್ಲಿ ನಾನು ಎಷ್ಟು ತಂಪಾಗಿ ಕುಳಿತಿದ್ದೆ ನೋಡಿ.

ಫೆಲಿಕ್ಸರಿಗೆ ಫೋನ್ ಮಾಡಿದೆ. ಈಗ ಅವರಿಗೆ ಎಂಬತ್ತರ ಹತ್ತಿರ, ಕಿವಿ ಚುರುಕಾಗಿದೆ. ಕ್ಷೇಮ ಸಮಾಚಾರ ಮುಗಿಸಿ, “ಪೊರ್ಬುಗಳೇ, ಆ ಕ್ಯಾಸೆಟ್ಟನ್ನು ನಾನು ಹಾಕಿದ್ದು ಶುಕ್ರವಾರ,” ಎಂದೆ.

“ಹೋದ ದಿನ ಹಾಕ್ಲಿಲ್ಲಾಂತ ಗೊತ್ತುಂಟು.”

“ಹೇಗೆ?”

“ನೀವೇ ಓದಿ ಹೇಳಿದ್ರಲ್ಲ ಪ್ರೊಫೆಸರ್ರೇ. ಹೊಸ ಪತ್ರಿಕೆ ಬಂದಾಗ ನಮ್ಮ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಓದಿದ್ರಿ. ಮೆಟ್ಟಿಲ ಮೇಲೆ ಕೂತದ್ದು ಬಂತು, ಒಳಗೆ ಹೋದದ್ದು ಬರ್ಲೇ ಇಲ್ಲ. ಹಮೀದ್ ನನ್ನ ಮುಖ ನೋಡಿದ.”

ಓದಿದ್ದು ನನಗೆ ಎಳ್ಳಷ್ಟೂ ನೆನಪಿಲ್ಲ.

“ಮತ್ತೆ ಬ್ರೆಜಿಲಿಗೆ ಯಾಕೆ ಬೈದ್ರಿ ಅಷ್ಟು ವರ್ಷ?”

“ಮತ್ತೆಂತ ಮಾಡುವುದು? ನೀವು ಪಕ್ಕದ ಮಂಚದಲ್ಲಿ ಮಲಗುವವರು. ನಿಮಗೇ ಬೈದ್ರೆ ಮರುದಿನ ಮುಖ ನೋಡಬೇಕಲ್ಲ.” ಆಮೇಲೆ ಲೆಕ್ಕ ಬಿಡಿಸಿ ಹೇಳಿದರು. “ಸಹಿ ಹಾಕದವನು ಅವನು. ಅವನದ್ದು ಬೇರೆ ಲೆಕ್ಕ. ಆ ನಾಲ್ಕು ದಿನ ತಿಂದವರು ನೀವು. ಇವತ್ತು ಬಾಯಿಬಿಟ್ಟು ಹೇಳಿದ್ರಲ್ಲ, ಇನ್ನು ದಾಕ್ಷಿಣ್ಯ ಇಲ್ಲ.”

ಅವರು ಬೈಯಲು ಶುರು ಮಾಡಿದರು. ಮೊದಲು ಕನ್ನಡದಲ್ಲಿ, ಆಮೇಲೆ ತುಳುವಿನಲ್ಲಿ, ಕೊನೆಗೆ ನನಗೆ ಪೂರ್ತಿ ತಿಳಿಯದ ಕೊಂಕಣಿಯಲ್ಲಿ. ದನಿ ಏರಿತು, ಕೆಮ್ಮಿದರು, ನೀರು ಕುಡಿದು ಮುಂದುವರಿಸಿದರು. ನಾನು ಫೋನ್ ಕಿವಿಯಿಂದ ತೆಗೆಯಲಿಲ್ಲ. ಎದುರಿಗೆ ಆ ಎರಡು ಹಾಳೆಗಳಿದ್ದವು. ಪೆನ್ನು ತೆಗೆದುಕೊಂಡು ಕಾಫಿ, ಕಲ್ಲು, ಜನೆಲಾ, ಒಂದೊಂದನ್ನೇ ಗೆರೆ ಎಳೆದು ಹೊಡೆದುಹಾಕುತ್ತ ಹೋದೆ. ಮೊದಲ ಸಾಲನ್ನು ಹಾಗೆಯೇ ಬಿಟ್ಟಿದ್ದೇನೆ. ಪುಸ್ತಕದವರು ಬೇಕಾದರೆ ಅದೊಂದನ್ನೇ ಅಚ್ಚು ಹಾಕಲಿ, ಫೋಟೊ ಇಲ್ಲದೆ.