ಶಾಂತಕ್ಕನ ಸ್ಲೈಡು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ. ಇದನ್ನು ಹೇಳಬೇಕಾದರೆ ನನ್ನ ತಪ್ಪನ್ನೂ ಹೇಳಬೇಕು. ಅದಕ್ಕೇ ಇಷ್ಟು ವರ್ಷ ಬಾಯಿಬಿಡಲಿಲ್ಲ.

ಐವತ್ತರ ದಶಕದಲ್ಲಿ, ಮೆಟ್ರಿಕ್ ಮುಗಿಸಿದ ನಾನು ಮುಂಬಯಿಯ ಒಂದು ಕಾಲೇಜಿನ ಭೂವಿಜ್ಞಾನ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಕಡಲ ತಳದಿಂದ ಕೊಳವೆಯಲ್ಲಿ ತೆಗೆದ ಕೆಸರನ್ನು ಪದರ ಪದರವಾಗಿ ಜರಡಿಯಲ್ಲಿ ತೊಳೆಯುವುದು ನನ್ನ ಕೆಲಸ. ಕೊನೆಗೆ ಉಳಿಯುವುದು ಸಾಸಿವೆಗಿಂತ ಸಣ್ಣ ಬಿಳಿ ಚಿಪ್ಪುಗಳು. ತಣ್ಣೀರಿನ ಜೀವಿಯ ಚಿಪ್ಪು ಬೇರೆ, ಬೆಚ್ಚನೆಯ ನೀರಿನದು ಬೇರೆ. ಅವುಗಳಿಂದ ಸಾವಿರಾರು ವರ್ಷಗಳ ಹಿಂದಿನ ಕಡಲು ಹೇಗಿತ್ತೆಂದು ತಿಳಿದು, ಅಲ್ಲಿ ಸಂಶೋಧನೆ ಮಾಡುತ್ತಿದ್ದ ಶಾಂತಕ್ಕ ಡಾಕ್ಟರೇಟಿನ ಪ್ರಬಂಧ ಬರೆಯುತ್ತಿದ್ದರು. ಮಂಗಳೂರಿನವರು. ಆ ಕಟ್ಟಡದಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಆ ಮಾತಿನ ಆಸೆಗೆ ನಾನಿದ್ದ ಭಾಂಡುಪಿನಿಂದ ಒಂದು ಲೋಕಲ್ ರೈಲು ಮುಂಚೆಯೇ ಹೊರಡುತ್ತಿದ್ದೆ.

ಒಂದು ಪದರ ತೊಳೆದ ಮೇಲೆ ಜರಡಿಯನ್ನು ನೀಲಿ ಬಣ್ಣದಲ್ಲಿ ಅದ್ದಬೇಕು. ಸಂದಿಯಲ್ಲಿ ಉಳಿದ ಚಿಪ್ಪು ನೀಲಿಯಾಗುತ್ತದೆ; ಮುಂದಿನ ಪದರದಲ್ಲಿ ಸೇರಿಕೊಂಡರೂ ಗುರುತು ಸಿಗುತ್ತದೆ. ಒಂದು ದಿನ ಬಣ್ಣ ಕಲಸಲು ಸೋಮಾರಿತನವಾಗಿ ಬಿಟ್ಟುಬಿಟ್ಟೆ.

"ಜರಡಿಗೆ ಸ್ನಾನ ಆಯ್ತಾ ಮಾರಾಯ?" ಎಂದರು ಶಾಂತಕ್ಕ.

"ಆಯ್ತು ಅಕ್ಕ."

"ನಿನಗೆ?"

ಇಬ್ಬರೂ ನಕ್ಕೆವು.

ಆಮೇಲೆ ತೊಳೆದ ಪದರ ಬೆಚ್ಚನೆಯ ಕಡಲಿನದು; ಅದರಲ್ಲಿ ತಣ್ಣೀರಿನ ಚಿಪ್ಪುಗಳು ಕಂಡವು. ಜರಡಿಯ ತಪ್ಪಿರಬಹುದೇ ಎಂದು ಪ್ರೊಫೆಸರರು ಕೇಳಿದಾಗ, ಹುಡುಗ ಸುಳ್ಳು ಹೇಳುವವನಲ್ಲ ಎಂದು ಶಾಂತಕ್ಕ ನನ್ನ ಪರ ನಿಂತರು. ಹಾಗಾದರೆ ಶಾಂತಕ್ಕ ಚಿಪ್ಪುಗಳನ್ನು ಗುರುತಿಸಿದ್ದೇ ತಪ್ಪು ಎಂದಾಯಿತು. ತಿಂಗಳುಗಟ್ಟಲೆ ಮತ್ತೆ ಮತ್ತೆ ನೋಡಿದರು. "ನನ್ನ ಕಣ್ಣೇ ಸರಿ ಇಲ್ಲ ಕಾಣ್ತದೆ" ಎಂದರು ಒಂದು ದಿನ. ಪ್ರಬಂಧ ಬಿಟ್ಟು ಊರಿಗೆ ಹೊರಟರು. ಮಂಗಳೂರಿನ ಹಡಗು ಹೊರಡುವ ಧಕ್ಕೆಯವರೆಗೆ ನಾನು ಅವರ ಟ್ರಂಕು ಹೊತ್ತು ಹೋದೆ. ಆಗಲೂ ಹೇಳಲಿಲ್ಲ.

ವಾರದ ನಂತರ ಒಂದು ಸಂಜೆ, ಚಿಪ್ಪುಗಳನ್ನು ಅಂಟಿಸಿ ಗಾಜು ಮುಚ್ಚಿದ ಅವರ ಸ್ಲೈಡುಗಳನ್ನು ಕಪಾಟಿನಲ್ಲಿಡುವ ಮೊದಲು ಆ ಪದರದ್ದನ್ನು ಸೂಕ್ಷ್ಮದರ್ಶಕದಲ್ಲಿ ಇಣುಕಿದೆ. ಬಿಳಿ ಚಿಪ್ಪುಗಳ ನಡುವೆ ಕೆಲವು ಕಡುನೀಲಿ. ತಣ್ಣೀರಿನ ಚಿಪ್ಪುಗಳೆಲ್ಲ ನೀಲಿ, ಅವು ಮಾತ್ರ. ಮುಚ್ಚಿದ ಗಾಜಿನೊಳಗೆ ಬಣ್ಣ ಹೋಗುವ ದಾರಿಯಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ನೀಲಿಯೇ.

ಮೇಲಿನ ಕೋಣೆಯಲ್ಲಿ ಪ್ರೊಫೆಸರರು ಇನ್ನೂ ಇದ್ದರು. ತೋರಿಸಿದ್ದರೆ ಶಾಂತಕ್ಕನನ್ನು ವಾಪಸು ಕರೆಸುತ್ತಿದ್ದರು. ನನ್ನ ಕೆಲಸ ಹೋಗುತ್ತಿತ್ತು. ನಾಳೆ ತೋರಿಸೋಣ ಎಂದುಕೊಂಡೆ.

ಮರುದಿನ ನೋಡಿದರೆ ಎಲ್ಲವೂ ಬಿಳಿ.

ಬಣ್ಣ ಎಲ್ಲಿಂದ ಬಂತು, ಎಲ್ಲಿ ಹೋಯಿತು, ಇಂದಿಗೂ ತಿಳಿದಿಲ್ಲ. ಬಣ್ಣವಿಲ್ಲದೆಯೂ ನಿಜ ಹೇಳಬಹುದಿತ್ತು, ಅದು ತಿಳಿದಿತ್ತು. ಆಮೇಲೆ ಎರಡು ಸಲ ಮಂಗಳೂರಿಗೆ ಹೋದೆ. ಒಮ್ಮೆ ಅವರ ಮನೆಯ ಗೇಟಿನ ತನಕ ಹೋಗಿದ್ದೆ. ಒಳಗೆ ಅವರು ಯಾರಿಗೋ ಏನೋ ಹೇಳಿ ನಗುವುದು ಕೇಳಿಸಿತು. ಸ್ವಲ್ಪ ಹೊತ್ತು ಕೇಳುತ್ತ ನಿಂತು, ಹಿಂದಿರುಗಿದೆ.