ದೇವರ ಕೋಣೆಯ ಹಸಿರು ಬೆಳಕು

ಗಾಳಿ ನಮ್ಮ ಕಡೆ ತಿರುಗಿದರೆ ಹುಮನಾಬಾದಿನ ಫ್ಯಾಕ್ಟರಿಗಳ ವಾಸನೆ ಮಾಣಿಕನಗರದವರೆಗೂ ಬರುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ರೂಢಿಯಾಗಿಬಿಟ್ಟಿದೆ. ಮಗಳ ಹುಟ್ಟುಹಬ್ಬದ ದಿನವೂ ಆ ವಾಸನೆ ಇತ್ತು, ಯಾರೂ ಕಿಟಕಿ ಮುಚ್ಚಲಿಲ್ಲ.

ಕತ್ತಲಲ್ಲಿ ಹೊಳೆಯುವ ಜೆಲ್ಲಿಯನ್ನು ಮೊಬೈಲಿನಲ್ಲಿ ನೋಡಿ ಮಗಳು ಹಟ ಹಿಡಿದಿದ್ದಳು. ತಿನ್ನಲು ಅಪಾಯವಿಲ್ಲದ ದಾರಿಯೊಂದಿದೆ, ಟಾನಿಕ್ ವಾಟರ್ ಎಂಬ ಕಹಿ ಸೋಡಾ. ನಕಲಿ ನೋಟು ಪತ್ತೆಹಚ್ಚುವ ನೇರಳೆ ಬೆಳಕಿನ ಬ್ಯಾಟರಿ ಹಿಡಿದರೆ ಅದು ನೀಲಿಯಾಗಿ ಹೊಳೆಯುತ್ತದೆ, ಆರಿಸಿದರೆ ಬರೀ ನೀರು. ಬ್ಯಾಟರಿ ನನ್ನ ಗಂಡನ ಧಾನ್ಯದ ಅಂಗಡಿಯಲ್ಲೇ ಇತ್ತು. ಟಾನಿಕ್ ವಾಟರಿಗೆ ಚೈನಾ ಗ್ರಾಸ್ ಕರಗಿಸಿ, ಕಹಿ ಅಡಗಲೆಂದು ಸಕ್ಕರೆ ಸುರಿದು, ಎಲ್ಲವನ್ನೂ ದೊಡ್ಡ ಪಾತೇಲಿಯಲ್ಲಿ ಕಲಸಿ ಕಿಟಕಿಯ ಹತ್ತಿರ ಆರಲು ಇಟ್ಟೆ.

ಔಷಧದ ಫ್ಯಾಕ್ಟರಿಗೆ ಹೋಗುವ ನನ್ನ ಮೈದುನ ಬಂದು ಇಣುಕಿದ. "ಬ್ಯಾಟ್ರಿ ಹಿಡದ್ರ ಅಷ್ಟೇ ಹೊಳೀತದ? ಇದೇನು ಮಜಾ ವೈನಿ?"

"ನಿನ್ನ ಕೆಲಸ ನೋಡ್ಕೋ," ಎಂದು ಗದರಿ ಸ್ನಾನಕ್ಕೆ ಹೋದೆ.

ನಮ್ಮ ಮನೆಯಲ್ಲಿ ನೈವೇದ್ಯವಾಗದೆ ಏನನ್ನೂ ನಾಲಿಗೆಗೆ ಹಚ್ಚುವಂತಿಲ್ಲ. ಸಾರಿನ ಉಪ್ಪನ್ನೂ ನೋಡುವುದಿಲ್ಲ. ದೇವರು ಉಂಡ ಮೇಲೆ ಅದು ಪ್ರಸಾದ, ಬೇಡ ಎನ್ನುವಂತಿಲ್ಲ, ಚೆಲ್ಲುವಂತೆಯೂ ಇಲ್ಲ. ಮದುವೆಯಾಗಿ ಬಂದಾಗ ಈ ನೇಮಕ್ಕೆ ಗೊಣಗಿದ್ದೆ, ಆಮೇಲೆ ಇದೂ ರೂಢಿಯಾಯಿತು.

ಸಂಜೆ ಓಣಿಯ ಹುಡುಗರೆಲ್ಲ ಪಡಸಾಲೆಯಲ್ಲಿ ಚಮಚ ಹಿಡಿದು ಕೂತರು. ಅತ್ತೆ ಪಾತೇಲಿಯನ್ನು ದೇವರ ಕೋಣೆಗೆ ಒಯ್ದು ಬಾಗಿಲು ಎಳೆದುಕೊಂಡರು. ಅಷ್ಟರಲ್ಲಿ ಕರೆಂಟ್ ಹೋಯಿತು. ಹುಡುಗರು ಹೋ ಎಂದು ಕುಣಿದರು. ನನಗೂ ಖುಷಿಯೇ ಆಯಿತು. ಬ್ಯಾಟರಿ ಹಿಡಿದು ಹೋಗಿ ಬಾಗಿಲು ತಳ್ಳಿದೆ.

ಒಳಗೆ ಎಣ್ಣೆ ದೀಪ ಆರಿತ್ತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಪಾತೇಲಿಯೊಂದೇ ಬೆಳಗುತ್ತಿತ್ತು. ನನ್ನ ಬ್ಯಾಟರಿ ಇನ್ನೂ ಹಚ್ಚಿರಲಿಲ್ಲ. ಬೆಳಕು ನೀಲಿಯೂ ಆಗಿರಲಿಲ್ಲ, ಹಸಿರಾಗಿತ್ತು.

"ನೋಡವಾ, ದೇವ್ರು ಬೆಳಕಾಗಿ ಬಂದಾನ," ಎಂದು ಅತ್ತೆ ಅಳುತ್ತಿದ್ದರು.

ಮೈದುನನನ್ನು ಕೂಗಿ ಕರೆದೆ. "ಏನ್ ಹಾಕೀದಿ ಇದರಾಗ?"

"ಚಿಟಿಕಿ ಪುಡಿ ವೈನಿ. ಕತ್ತಲಾಗ ಹೊರಗಿನ ದಾರಿ ತೋರ್ಸಾಕ ನಮ್ಮ ಫ್ಯಾಕ್ಟ್ರ್ಯಾಗ ಗ್ವಾಡಿ ಮ್ಯಾಲ ಬಾಣ ಬರೀತಾರಲ್ಲ, ಆ ಬಣ್ಣದ್ದು. ಔಷಧ ಮಾಡೋ ಜಾಗಾದ್ದು, ತಿಂದ್ರ ಏನಾಗತದ?"

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ, ಪುಣ್ಯಾತ್ಮ. ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು. ಪಡಸಾಲೆಯಲ್ಲಿ ಮಗಳು ಚಮಚದಿಂದ ತಟ್ಟೆ ಬಡಿಯುತ್ತಿದ್ದಳು. ಪಾತೇಲಿ ಎತ್ತಿದೆ. ಅತ್ತೆ ಇನ್ನೊಂದು ಕಡೆಯಿಂದ ಅದರ ಅಂಚು ಹಿಡಿದರು.

"ಪ್ರಸಾದ ಅದು. ಹುಡುಗ್ರು ಕಾಯಾಕತ್ತಾರ, ಹಂಚು."

"ಬಣ್ಣದ ಪುಡಿ ಅದರಿ ಇದರಾಗ! ವಿಷಾನೇ ಇರಬಹುದು. ಬಿಡ್ರಿ ಅತ್ತೀ!"

"ದೇವ್ರು ಉಂಡಾನ. ನಾನೂ ಉಂಡೀನಿ. ಏನಾಗ್ಯದ ನನಗ?"

ಹಾಗೆಂದು ಅವರು ಬಾಯಿ ತೆರೆದಾಗ, ಮುಖ ಕಾಣದ ಆ ಕತ್ತಲಲ್ಲಿ ನಾಲಿಗೆ ಮಾತ್ರ ಹಸಿರಾಗಿ ಕಂಡಿತು.

ಪಾತೇಲಿಯನ್ನು ಕಸಿದು ಬಚ್ಚಲಿಗೆ ಸುರಿದೆ. ಮಕ್ಕಳಿಗೆ ಬಿಸ್ಕತ್ತು ಹಂಚಲು ಗಂಡನಿಗೆ ಹೇಳಿ, ಅತ್ತೆಯನ್ನು ಆಟೋ ಹತ್ತಿಸಿ ಹುಮನಾಬಾದಿನ ಆಸ್ಪತ್ರೆಗೆ ಕರೆದೊಯ್ದೆ. ಪುಡಿಯ ಹೆಸರೇನು ಎಂದು ಡಾಕ್ಟರು ಕೇಳಿದರು. ಮೈದುನ ತಂದಿದ್ದ ಪೊಟ್ಟಣದ ಮೇಲೆ ಏನೂ ಬರೆದಿರಲಿಲ್ಲ. ಹೆಸರೇ ಗೊತ್ತಿಲ್ಲದ್ದಕ್ಕೆ ಏನು ಕೊಡಲಿ, ಈಗೇನೂ ತೊಂದರೆ ಕಾಣುವುದಿಲ್ಲ, ಇವರ ಮೇಲೊಂದು ಕಣ್ಣಿಟ್ಟಿರಿ ಎಂದು ಕಳಿಸಿದರು.

ಅತ್ತೆ ಈಗಲೂ ಗಟ್ಟಿಯಾಗಿದ್ದಾರೆ. ಆ ಬೆಳಕು ದೇವರದೇ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಕರೆಂಟ್ ಹೋದಾಗ ತಮ್ಮ ಮಂಚದಿಂದ, "ದೀಪಾ ಹಚ್ಚವಾ," ಎಂದು ಕೂಗುತ್ತಾರೆ. ಬೆಂಕಿಪೊಟ್ಟಣ ನನ್ನ ಕೈಯಲ್ಲೇ ಇರುತ್ತದೆ, ಆದರೆ ಕೂಡಲೇ ಗೀರುವುದಿಲ್ಲ.

"ಏನಂದ್ರಿ ಅತ್ತೀ? ಇನ್ನೊಮ್ಮೆ ಹೇಳ್ರಿ," ಎನ್ನುತ್ತೇನೆ, ಮತ್ತು ಕತ್ತಲಲ್ಲಿ ಅವರ ಬಾಯಿ ಇರುವ ಕಡೆ ನೋಡುತ್ತೇನೆ.